ಇಥಾಕಾದ ದಾದಿ ನನ್ನ ಕಾದಂಬರಿಗೆ ಬಂದ ಬಗೆ

ಗ್ರೀಕ್ ಪುರಾಣ ಅಂದಕೂಡಲೇ ಹೆಚ್ಚಿನವರಿಗೆ ಅಕಿಲೀಸ್, ಹೆಲೆನ್, ಟ್ರಾಯ್‌ನ ಮರದ ಕುದುರೆ ನೆನಪಾಗುತ್ತವೆ. ನನ್ನ ಕಾದಂಬರಿ ಹುಟ್ಟಿದ್ದು ಒಂದು ಅಂಗಿಯಿಂದ. ಹೋಮರನ 'ಒಡಿಸ್ಸಿ' ಟ್ರಾಯ್ ಯುದ್ಧ ಮುಗಿಸಿ ಇಥಾಕಾ ದ್ವೀಪದ ಮನೆಗೆ ಮರಳುವ ದೊರೆ ಒಡಿಸ್ಸಿಯಸ್‌ನ ಕಥೆ. ಅದರ ಮೊದಲ ಭಾಗದ ಕೊನೆಯಲ್ಲಿ ಅವನ ಮಗ ಟೆಲೆಮಾಕಸ್ ಮಲಗಲು ಹೋಗುತ್ತಾನೆ. ಮುದುಕಿ ದಾದಿ ಯೂರಿಕ್ಲಿಯಾ ಪಂಜು ಹಿಡಿದು ಬರುತ್ತಾಳೆ. ಅವನು ಕಳಚಿ ಕೊಟ್ಟ ಅಂಗಿಯನ್ನು ನೀವಿ, ಮಡಿಸಿ, ಮಂಚದ ಪಕ್ಕದ ಗೂಟಕ್ಕೆ ನೇತುಹಾಕುತ್ತಾಳೆ. ಹೊರಗೆ ಬಂದು ಬೆಳ್ಳಿ ಹಿಡಿಕೆಯ ಬಾಗಿಲು ಎಳೆದುಕೊಂಡು, ತೊಗಲಿನ ಪಟ್ಟಿ ಜಗ್ಗಿ ಅಗುಳಿ ಹಾಕುತ್ತಾಳೆ. ಅಷ್ಟೇ. ದೇವರುಗಳೂ ವೀರರೂ ತುಂಬಿದ ಕಾವ್ಯ ಒಬ್ಬ ದಾಸಿಯ ಕೈಗಳನ್ನು ಇಷ್ಟು ಹೊತ್ತು ನೋಡುತ್ತಾ ನಿಲ್ಲುತ್ತದಲ್ವಾ, ಅದು ನನ್ನನ್ನು ಬಿಡಲಿಲ್ಲ.

ಅವಳ ಬೆಲೆಯೂ ಅಲ್ಲೇ ಇದೆ. ಎಳೆ ವಯಸ್ಸಿನ ಅವಳನ್ನು ಒಡಿಸ್ಸಿಯಸ್‌ನ ಅಪ್ಪ ಲಾಯರ್ಟಿಸ್ 20 ಎತ್ತುಗಳ ಬೆಲೆ ಕೊಟ್ಟು ಕೊಂಡಿದ್ದ. ಅವಳ ಅಪ್ಪನ ಹೆಸರು, ಅಜ್ಜನ ಹೆಸರು ಎರಡನ್ನೂ ಕವಿ ಹೇಳುತ್ತಾನೆ. ಅಂಥ ಮನೆಯ ಹುಡುಗಿ ಮಾರಾಟಕ್ಕೆ ಬಂದದ್ದು ಹೇಗೆ ಅಂತ ಮಾತ್ರ ಹೇಳುವುದಿಲ್ಲ. ನನ್ನ ಮೊದಲ ಅಧ್ಯಾಯ ಶುರುವಾಗುವುದು ಅಲ್ಲಿಂದ.

ಕನ್ನಡಕ್ಕೆ ಈ ದಾರಿ ಹೊಸದಲ್ಲ. ಬಿ.ಎಂ.ಶ್ರೀ ಗ್ರೀಕ್ ನಾಟಕಕಾರ ಸೊಫೋಕ್ಲಿಸ್ ಬರೆದ, ಟ್ರಾಯ್ ಯುದ್ಧದ ವೀರ ಅಯಾಸ್‌ನ ಕಥೆಯನ್ನು ಮಹಾಭಾರತಕ್ಕೆ ತಂದು 1929ರಲ್ಲಿ 'ಅಶ್ವತ್ಥಾಮನ್' ಬರೆದರು. ಗ್ರೀಕರ ಕಡೆಗೆ ನನ್ನನ್ನು ಎಳೆದದ್ದೇ ಆ ನಾಟಕ. ಆದರೂ ನಾನು ಇಥಾಕಾ ಬಿಟ್ಟು ಕದಲಲಿಲ್ಲ. ಯೂರಿಕ್ಲಿಯಾಳ ಬದುಕು ಅಲ್ಲಿನ ಉಣ್ಣೆ, ಎಣ್ಣೆ, ಕಡಲಿಗೆ ಅಂಟಿಕೊಂಡಿದೆ. ಅವಳನ್ನು ತಂದು ಮಂಥರೆಯ ಪಕ್ಕ ಕೂರಿಸಿದರೆ ಅವಳು ಅವಳಾಗಿ ಉಳಿಯುವುದಿಲ್ಲ.

ಆ ಬದುಕಿನ ವಿವರ ಜಾಸ್ತಿ ಸಿಕ್ಕಿದ್ದು ಮಣ್ಣಿನ ಹಲಗೆಗಳಿಂದ. ಕ್ರಿ.ಪೂ. 1200ರ ಆಸುಪಾಸಿನಲ್ಲಿ ಗ್ರೀಸಿನ ಪೈಲೋಸ್ ಊರಿನ ಅರಮನೆ ಸುಟ್ಟುಹೋಯಿತು. ಆ ಬೆಂಕಿಯಲ್ಲೇ ಹಲಗೆಗಳು ಬೆಂದು ಗಟ್ಟಿಯಾಗಿ ಉಳಿದವು. 1939ರಲ್ಲಿ ಅಗೆದಾಗ ಸಿಕ್ಕವು, 1952ರಲ್ಲಿ ಮೈಕೆಲ್ ವೆಂಟ್ರಿಸ್ ಲಿಪಿಯ ಗುಟ್ಟು ಬಿಡಿಸಿದರು. ಅದರಲ್ಲಿರುವುದು ಬರೀ ಲೆಕ್ಕ. ಹಿಟ್ಟು ಬೀಸುವ ಹೆಂಗಸರು, ನೂಲುವವರು, ಸ್ನಾನಕ್ಕೆ ನೀರು ಹಾಕುವವರು, ಅವರ ಮಕ್ಕಳು, ಅವರಿಗೆ ಅಳೆದುಕೊಟ್ಟ ಧಾನ್ಯ ಮತ್ತು ಅಂಜೂರ. ಆ ಹೆಂಗಸರ ಹೆಸರಿಲ್ಲ. ಲೆಮ್ನೋಸ್‌ನವರು, ಮಿಲೆಟಸ್‌ನವರು ಅಂತ ಊರಿನಿಂದ, ಇಲ್ಲವೇ ಮಾಡುವ ಕೆಲಸದಿಂದ ಗುರುತು.

ನನ್ನನ್ನು ತುಂಬಾ ಕಾಡಿದ್ದು ಕಾಲು ತೊಳೆಯುವ ದೃಶ್ಯ. ಯೂರಿಕ್ಲಿಯಾ ಮೊದಲು ತಣ್ಣೀರು ಸುರಿದು ಆಮೇಲೆ ಬಿಸಿನೀರು ಬೆರೆಸುತ್ತಾಳೆ. ಭಿಕ್ಷುಕನ ವೇಷದಲ್ಲಿ ಮನೆಗೆ ಬಂದ ಒಡಿಸ್ಸಿಯಸ್‌ನ ಕಾಲಿನ ಮೇಲೆ ಹಂದಿಯ ಕೋರೆಯ ಗಾಯದ ಗುರುತು ಕೈಗೆ ತಾಗಿ, ಅವನು ಯಾರೆಂದು ಅವಳಿಗೆ ಗೊತ್ತಾಗುತ್ತದೆ. ಕಾಲು ಕೈಜಾರಿ, ಪಾತ್ರೆ ಠಣ್ ಅಂದು ವಾಲಿ, ನೀರು ಚೆಲ್ಲುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆಮೇಲಿನದನ್ನು ನಿಧಾನವಾಗಿ ಓದಬೇಕು. ಒಡಿಸ್ಸಿಯಸ್ ಅವಳ ಗಂಟಲು ಹಿಡಿಯುತ್ತಾನೆ. ಬಾಯಿ ಬಿಟ್ಟರೆ, ಉಳಿದ ಹೆಂಗಸರನ್ನು ಕೊಲ್ಲುವಾಗ ಹಾಲೂಡಿಸಿದವಳು ಅಂತ ನಿನ್ನನ್ನೂ ಬಿಡುವುದಿಲ್ಲ ಅನ್ನುತ್ತಾನೆ. ಆ ಬೆದರಿಕೆಯ ಬೆನ್ನಿಗೇ ಅವಳು, ಮನೆಗೆ ದ್ರೋಹ ಮಾಡಿದ ದಾಸಿಯರು ಯಾರು ಅಂತ ಹೇಳಲು ಮುಂದಾಗುತ್ತಾಳೆ. ಅವಳನ್ನು ಬರೀ ನಿಷ್ಠೆಯ ದಾದಿ ಅಂತ ಹೊಗಳುವವರನ್ನು ನಾನು ಒಪ್ಪುವುದಿಲ್ಲ. ಅದು ನಿಷ್ಠೆಯೂ ಹೌದು, ಜೀವಭಯವೂ ಹೌದು. ಎರಡನ್ನೂ ಒಂದೇ ಉಸಿರಿನಲ್ಲಿ ಬರೆಯಬೇಕು ಅನ್ನುವುದೇ ನನ್ನ ಹಟವಾಗಿತ್ತು.

22ನೇ ಭಾಗದಲ್ಲಿ ಅವಳು ಲೆಕ್ಕ ಒಪ್ಪಿಸುತ್ತಾಳೆ. 50 ದಾಸಿಯರಲ್ಲಿ 12 ಮಂದಿ ಕೆಟ್ಟವರು. ಅವರನ್ನು ಕರೆತರಲು ಹೋಗುವವಳೂ ಅವಳೇ. ಒಡಿಸ್ಸಿಯಸ್‌ನ ಹೆಂಡತಿಯನ್ನು ಮದುವೆಯಾಗಲು ಬಂದು ಕೂತು, ಅವನ ಕೈಯಲ್ಲಿ ಸತ್ತವರ ಹೆಣಗಳನ್ನು ಅವರಿಂದಲೇ ಹೊರಿಸಿ, ಮೇಜು ತೊಳೆಸಿ, ಆಮೇಲೆ ಹಡಗಿನ ಹಗ್ಗದಲ್ಲಿ ನೇಣು ಹಾಕುತ್ತಾರೆ. ಕಾವ್ಯದಲ್ಲಿ ಅವಳು ಹೇಳುವುದು ಬರೀ ಸಂಖ್ಯೆ. ನನ್ನ ಪುಸ್ತಕದಲ್ಲಿ ಅವಳು ಹನ್ನೆರಡೂ ಹೆಸರು ಹೇಳುತ್ತಾಳೆ, ಪ್ರತಿಯೊಬ್ಬಳೂ ಯಾವ ಊರಿಂದ ಬಂದವಳು ಅನ್ನುವುದನ್ನೂ ಸೇರಿಸಿ.