ಸ್ಪ್ರಿಂಗ್‌ಫೀಲ್ಡ್‌ನ ಎಂಎಲ್‌ಎ ಲಿಂಕನ್: ಅಪ್ಪನ ಜೊತೆ ಸುತ್ತಿದ ನನ್ನ ಅನುಭವ

ಶಿಕಾಗೋದ ನಮ್ಮ ಮನೆಗೆ ಬಂದ ನೆಂಟರನ್ನೆಲ್ಲ ಸ್ಪ್ರಿಂಗ್‌ಫೀಲ್ಡ್‌ಗೆ ಕರೆದುಕೊಂಡು ಹೋಗೋದು ನನ್ನ ತಲೆಗೇ ಕಟ್ಟಿದ ಕೆಲಸ. ಇಲಿನಾಯ್ ರಾಜ್ಯದ ರಾಜಧಾನಿ ಅದೇ. ಕಾರಲ್ಲಿ ಮೂರು ಗಂಟೆಗೂ ಜಾಸ್ತಿ ದಾರಿ. ಮೊದಲೆಲ್ಲ ಲಿಂಕನ್ ಮನೆ, ಸಮಾಧಿ, ನಾಲ್ಕು ಫೋಟೊ, ವಾಪಸ್. ಅರ್ಧ ಜನ ಆಕಳಿಸುತ್ತಿದ್ದರು.

ಅಪ್ಪ ಬಂದಾಗ ಕ್ರಮ ಬದಲಾಯಿಸಿದೆ. ಅವರು ಒಮ್ಮೆ ತಾಲ್ಲೂಕು ಪಂಚಾಯ್ತಿಗೆ ನಿಂತು ಸೋತವರು. ಮಹಾತ್ಮರ ಕಥೆಗಿಂತ ಊರ ರಾಜಕೀಯ ಅಂದರೆ ಕಿವಿ ನೆಟ್ಟಗಾಗುತ್ತದೆ. ಹಾಗಾಗಿ ಅಧ್ಯಕ್ಷ ಲಿಂಕನ್‌ರನ್ನು ಪಕ್ಕಕ್ಕಿಟ್ಟು ಎಂಎಲ್‌ಎ ಲಿಂಕನ್‌ರಿಂದ ಶುರು ಮಾಡಿದೆ.

ಮೊದಲು ಹಳೇ ವಿಧಾನಸಭೆ ಕಟ್ಟಡ. 1960ರ ದಶಕದಲ್ಲಿ ಕಲ್ಲು ಕಲ್ಲು ಬಿಚ್ಚಿ ಮತ್ತೆ ಕಟ್ಟಿದ್ದಾರೆ. ಅದರ ನೆಲದಡಿಯೇ ಪಾರ್ಕಿಂಗ್, ಕಾರು ಅಲ್ಲೇ ಬಿಟ್ಟೆವು. ಮೇಲೆ ಬಂದು ಕಥೆ ಹೇಳಿದೆ. ಮುಂಚೆ ರಾಜಧಾನಿ ವಂಡೇಲಿಯಾ. ಈ ಕಡೆಯ ಸಾಂಗಮನ್ ಕೌಂಟಿಯಿಂದ ಗೆದ್ದಿದ್ದ ಒಂಬತ್ತು ಜನ, ಎಲ್ಲರೂ ಉದ್ದುದ್ದ. ಎತ್ತರ ಕೂಡಿದರೆ 54 ಅಡಿ ಅಂತಾರೆ. 'ಲಾಂಗ್ ನೈನ್' ಅಂತ ಅಡ್ಡಹೆಸರು. ಅವರಲ್ಲೊಬ್ಬರು ಆಗಿನ್ನೂ 28 ವರ್ಷದ ಲಿಂಕನ್. ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ಗೇ ಬರಬೇಕು ಅಂತ ಇವರ ಹಟ. 1837ರಲ್ಲಿ ಅದರ ಪರವೇ ಮತ ಬಿತ್ತು. ಬೇರೆ ಊರಿನವರಿಗೆ ಕಾಲುವೆ, ರೈಲು ಕೊಡಿಸಿ ಓಟು ತಗೊಂಡರು ಅನ್ನೋ ಆರೋಪವೂ ಬಂತು.

"ನಮ್ಮ ಕಡೆ ತಾಲ್ಲೂಕು ಕೇಂದ್ರಕ್ಕೆ ಹೊಡೆದಾಡಿದ ಹಾಗೇ ಇದೆಯಲ್ಲೋ!" ಅಪ್ಪ ಎದ್ದು ಕೂತರು.

ಆಮೇಲೆ ನಾನು ಹೇಳಬೇಕಾಗಿರಲಿಲ್ಲ, ಅವರೇ ಕೇಳುತ್ತಾ ಹೋದರು. 1840ರ ಕಿಟಕಿ ಪ್ರಸಂಗಕ್ಕಂತೂ ನಕ್ಕೂ ನಕ್ಕೂ ಸಾಕಾಯಿತು. ಈ ಕಟ್ಟಡ ಇನ್ನೂ ಮುಗಿದಿರಲಿಲ್ಲ, ಸಭೆ ಒಂದು ಚರ್ಚಿನಲ್ಲಿ. ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಹಾಜರಿ, ತಪ್ಪಿಸಲು ಲಿಂಕನ್ ಮತ್ತೊಂದಿಬ್ಬರ ಜೊತೆ ಕಿಟಕಿಯಿಂದ ಹಾರಿಬಿಟ್ಟರು. ಅಷ್ಟರಲ್ಲಿ ಹಾಜರಿ ಲೆಕ್ಕ ಆಗಿಹೋಗಿತ್ತು. ಹಾರಿದ್ದು ದಂಡ!

ಇದೇ ಕಟ್ಟಡದಲ್ಲಿ 1858ರಲ್ಲಿ ಗುಲಾಮಗಿರಿ ಬಗ್ಗೆ ಲಿಂಕನ್‌ರ 'ಒಡೆದ ಮನೆ ನಿಲ್ಲದು' ಭಾಷಣ, 1865ರಲ್ಲಿ ಅವರ ಶವದ ಅಂತಿಮ ದರ್ಶನ. ಹೊರಗೆ 2007ರ ಫೆಬ್ರವರಿ ಚಳಿಯಲ್ಲಿ ಒಬಾಮಾ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆ ಅಂದರು. ಅವರೂ ಇದೇ ರಾಜ್ಯದ ಶಾಸನಸಭೆಯಲ್ಲಿ ಸೆನೆಟರ್ ಆಗಿದ್ದವರೇ.

ಎಂಟನೇ ಬೀದಿಯ ಲಿಂಕನ್ ಮನೆಗೆ ಟಿಕೆಟ್‌ಗೆ ದುಡ್ಡಿಲ್ಲ, ಆದರೆ ಹೊತ್ತು ನಿಗದಿ. ಬೆಳಗ್ಗೆಯೇ ತಗೊಳ್ಳಿ. ಮೆಟ್ಟಿಲ ಕಟಕಟೆ ಲಿಂಕನ್ ಕಾಲದ್ದೇ. ಮಂಡಿನೋವಿನ ಅಪ್ಪ ಅದನ್ನು ಗಟ್ಟಿಯಾಗಿ ಹಿಡಿದೇ ಹತ್ತಿದರು. ಅರ್ಧಕ್ಕೆ ನಿಂತು, "ಅವರೂ ಇಲ್ಲೇ ಕೈ ಇಡ್ತಿದ್ರು ಅಲ್ವಾ?" ಅಂದು ಅಂಗೈ ನೋಡಿಕೊಂಡರು.

ಊಟಕ್ಕೆ ಹಾರ್ಸ್‌ಶೂ. ಬ್ರೆಡ್ಡಿನ ಮೇಲೆ ಮಾಂಸ, ಅದರ ಮೇಲೆ ಆಲೂ ಫ್ರೈಸ್, ಮೇಲೆ ಚೀಸ್ ಸಾಸ್. ನಾವು ಮಾಂಸ ಬಿಟ್ಟು ಹೇಳಿದೆವು. ಒಂದು ತಟ್ಟೆ ಇಬ್ಬರಿಗೆ ಬೇಕಾದಷ್ಟಾಯಿತು.

ನನ್ನ ತಪ್ಪು ಒಂದೇ, ಸಮಾಧಿಯನ್ನು ಕೊನೆಗಿಟ್ಟಿದ್ದು. ಅದಿರುವ ಓಕ್ ರಿಡ್ಜ್ ಸ್ಮಶಾನ ತಲುಪುವಷ್ಟರಲ್ಲಿ ಒಳಗೆ ಬಿಡುವ ಹೊತ್ತು ಮುಗಿದಿತ್ತು. ಪುಣ್ಯಕ್ಕೆ ಲಿಂಕನ್‌ರ ಕಂಚಿನ ತಲೆ ಹೊರಗೇ ಇದೆ. ಬಂದವರೆಲ್ಲ ಅದೃಷ್ಟಕ್ಕೆಂದು ಉಜ್ಜಿ ಉಜ್ಜಿ ಮೂಗೊಂದೇ ಹೊಳೆಯುತ್ತದೆ. ಅಪ್ಪ ಹಿಮ್ಮಡಿ ಎತ್ತಿ ಎರಡು ಸಲ ಉಜ್ಜಿದರು.

"ಎಲೆಕ್ಷನ್‌ಗೆ ಮುಂಚೆ ಬರಬೇಕಿತ್ತು ಕಣೋ."