ವೇಲ್ಸ್‌ನಲ್ಲಿ ಊರಿನ ಸಮಸ್ಯೆಯನ್ನು ವಿರೋಧ ಪಕ್ಷದ ಸದಸ್ಯರ ಮೂಲಕ ಮಂತ್ರಿಗೆ ಮುಟ್ಟಿಸುವ ಬಗೆ

ಊರಿನ ಜಿಪಿ (ಕುಟುಂಬ ವೈದ್ಯರ) ಕ್ಲಿನಿಕ್ ಮುಚ್ಚುತ್ತದೆ ಎಂಬ ಪತ್ರ ಬಂದಾಗ, ಸಂಜೆಯ ಬಸ್ಸು ನಿಂತಾಗ, ಹೊಳೆಯ ನೀರು ಎರಡನೇ ಸಲ ಮನೆಯೊಳಗೆ ನುಗ್ಗಿದಾಗ ವೇಲ್ಸ್‌ನ ಜನ ತಮ್ಮ ಸೆನೆದ್ ಸದಸ್ಯರಿಗೆ ಬರೆಯುತ್ತಾರೆ. ಸೆನೆದ್ ಎಂದರೆ ಕಾರ್ಡಿಫ್ ಬೇಯಲ್ಲಿರುವ ವೇಲ್ಸ್ ಸಂಸತ್ತು. ಹೀಗೆ ಬರೆದ ಎಷ್ಟೋ ದೂರುಗಳು ಮಂತ್ರಿಯಿಂದ ಒಂದು ವಿನಯದ ಉತ್ತರ ತಂದು ಅಲ್ಲಿಗೇ ಮುಗಿಯುತ್ತವೆ. ಮಂತ್ರಿಗೆ ಮನಸ್ಸಿಲ್ಲ ಎಂಬುದು ಅದಕ್ಕೆ ಯಾವಾಗಲೂ ಕಾರಣವಲ್ಲ. ಆ ವಿಷಯದಲ್ಲಿ ಮಂತ್ರಿ ಏನು ಮಾಡಬಲ್ಲರು ಎಂಬುದನ್ನು ಗುರುತಿಸದೆ ಕೇಳಿದ ಪ್ರಶ್ನೆಗೆ ಅಂಥ ಉತ್ತರವೇ ಬರುತ್ತದೆ. ಓದಲು, ದುಡಿಯಲು ವೇಲ್ಸ್‌ಗೆ ಬಂದ ಕನ್ನಡಿಗರಿಗೂ ಈ ದಾರಿ ಅಷ್ಟೇ ತೆರೆದಿದೆ.

ಮೊದಲು: ಇದು ಯಾರ ಕೆಲಸ?

ವೇಲ್ಸ್ ಸರ್ಕಾರದ ಕೈಯಲ್ಲಿರುವುದು ಆರೋಗ್ಯ, ಶಿಕ್ಷಣ, ವಸತಿ, ಪರಿಸರ, ಕೃಷಿ, ಸ್ಥಳೀಯ ಆಡಳಿತ, ಸಾರಿಗೆಯ ಬಹುಪಾಲು. ಪೊಲೀಸ್, ನ್ಯಾಯಾಲಯ, ವೀಸಾ, ಬಹುತೇಕ ಸಾಮಾಜಿಕ ಭತ್ಯೆಗಳು ಲಂಡನ್ನಿಗೆ ಸೇರಿದವು. ವೀಸಾ ವಿಳಂಬದ ದೂರನ್ನು ಸೆನೆದ್ ಸದಸ್ಯರಿಗೆ ಕಳಿಸುವುದು ನಮ್ಮವರಲ್ಲಿ ತೀರ ಸಾಮಾನ್ಯವಾದ ತಪ್ಪು. ಅದು ವೆಸ್ಟ್‌ಮಿನ್‌ಸ್ಟರ್‌ನ, ಅಂದರೆ ಲಂಡನ್ನಿನ ಬ್ರಿಟಿಷ್ ಸಂಸತ್ತಿನ, ಎಂಪಿಗೆ ಹೋಗಬೇಕು. ವೇಲ್ಸ್‌ನಿಂದ ಅಲ್ಲಿಗೆ 32 ಎಂಪಿಗಳಿದ್ದಾರೆ.

ವೇಲ್ಸ್ ಸರ್ಕಾರದ ವಿಷಯವಾದರೂ ತೀರ್ಮಾನ ಮಂತ್ರಿಯ ಮೇಜಿನ ಮೇಲೇ ಆಗುತ್ತದೆ ಎಂದೇನಿಲ್ಲ. ಎಂ4, ಎ55ರಂಥ ಹೆದ್ದಾರಿಗಳು ಸರ್ಕಾರದವು. ನಿಮ್ಮ ಮನೆ ಮುಂದಿನ ರಸ್ತೆ ಅಲ್ಲಿನ ಕೌನ್ಸಿಲ್‌ನದು, ಅಂದರೆ ಸ್ಥಳೀಯ ಆಡಳಿತ ಸಂಸ್ಥೆಯದು. ಅಂಥ ಕೌನ್ಸಿಲ್‌ಗಳು 22 ಇವೆ. ಆಸ್ಪತ್ರೆ, ಕ್ಲಿನಿಕ್‌ಗಳನ್ನು ನೋಡಿಕೊಳ್ಳುವುದು ಏಳು ಆರೋಗ್ಯ ಮಂಡಳಿಗಳು. ದೊಡ್ಡ ನದಿಗಳ ಪ್ರವಾಹ ಮುನ್ಸೂಚನೆ ಮತ್ತು ತಡೆ ನ್ಯಾಚುರಲ್ ರಿಸೋರ್ಸಸ್ ವೇಲ್ಸ್ ಸಂಸ್ಥೆಯ ಹೊಣೆ.

ಈ ಹಂಚಿಕೆಯೇ ಮಂತ್ರಿಗಳಿಗೆ ಅತಿ ಸುಲಭದ ಆಸರೆ. ಕೈರ್ನಾರ್ವನ್ ಮತ್ತು ವೆಲ್ಶ್‌ಪೂಲ್‌ನಲ್ಲಿದ್ದ ಏರ್ ಆಂಬ್ಯುಲೆನ್ಸ್ ನೆಲೆಗಳನ್ನು ಮುಚ್ಚುವ ಪ್ರಸ್ತಾಪ 2022ರಲ್ಲಿ ಹೊರಬಿದ್ದಾಗ, ಮಧ್ಯ ಮತ್ತು ಉತ್ತರ ವೇಲ್ಸ್‌ನ ವಿರೋಧ ಪಕ್ಷಗಳ ಸದಸ್ಯರು ಅದನ್ನು ಸೆನೆದ್‌ನಲ್ಲಿ ಪದೇ ಪದೇ ಎತ್ತಿದರು. ಇದು ಎನ್‌ಎಚ್‌ಎಸ್‌ನ (ಸರ್ಕಾರಿ ಆರೋಗ್ಯ ಸೇವೆಯ) ಕಮಿಷನಿಂಗ್ ಸಮಿತಿ, ಅಂದರೆ ಯಾವ ಸೇವೆ ಎಲ್ಲಿರಬೇಕೆಂದು ಗೊತ್ತುಮಾಡುವ ಸಮಿತಿ, ಮತ್ತು ಸೇವೆ ನಡೆಸುವ ದತ್ತಿ ಸಂಸ್ಥೆ ತೀರ್ಮಾನಿಸಬೇಕಾದ ವಿಷಯ ಎಂಬುದು ಸರ್ಕಾರದ ನಿಲುವಾಗಿತ್ತು. 2024ರ ಏಪ್ರಿಲ್‌ನಲ್ಲಿ ಸಮಿತಿ ಮುಚ್ಚುವ ಪರವಾಗಿಯೇ ನಿರ್ಧರಿಸಿತು. ಇಂಥ ಕಡೆ 'ಮುಚ್ಚಬೇಡಿ' ಎಂದಷ್ಟೇ ಕೇಳಿದರೆ ಮಂತ್ರಿಗೆ ಜಾರಿಕೊಳ್ಳಲು ದಾರಿ ಸಿಗುತ್ತದೆ. ಮಂತ್ರಿಯ ಕೈಯಲ್ಲಿ ಖಂಡಿತ ಇರುವುದನ್ನು ಕೇಳಿ: ಅನುದಾನ, ಮಾರ್ಗಸೂಚಿ, ಸಂಸ್ಥೆಗೆ ಕೊಡುವ ನಿರ್ದೇಶನ, ಮಂಡಳಿಯ ಅಧ್ಯಕ್ಷರ ಜೊತೆ ಸಭೆ, ಅಂಕಿಅಂಶದ ಪ್ರಕಟಣೆ.

ಯಾವ ಸದಸ್ಯರು?

2026ರ ಮೇ ಚುನಾವಣೆಯಿಂದ ಸೆನೆದ್‌ನ ಬಲ 60ರಿಂದ 96ಕ್ಕೆ ಏರಿದೆ. 16 ಕ್ಷೇತ್ರ, ಪ್ರತಿ ಕ್ಷೇತ್ರಕ್ಕೆ ಆರು ಸದಸ್ಯರು, ಪಕ್ಷಗಳ ಪಟ್ಟಿಗೆ ಬಿದ್ದ ಮತಗಳ ಪ್ರಮಾಣದಲ್ಲಿ ಸ್ಥಾನ. ಕ್ಷೇತ್ರಗಳ ಹೆಸರು ವೆಲ್ಶ್ ಭಾಷೆಯಲ್ಲೇ ಇವೆ. ಕಾರ್ಡಿಫ್‌ಗೆ ಕೈರ್ದಿದ್, ಸ್ವಾನ್ಸೀಗೆ ಅಬರ್ತಾವೆ, ನ್ಯೂಪೋರ್ಟ್‌ಗೆ ಕಸ್ನೆವಿದ್ ಎಂದು ಹುಡುಕಬೇಕು. ಸೆನೆದ್ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಆರೂ ಹೆಸರು ಸಿಗುತ್ತವೆ. ಆರರಲ್ಲಿ ಒಬ್ಬರಾದರೂ ಸರ್ಕಾರದ ಹೊರಗಿನ ಪಕ್ಷದವರಿರುವ ಸಾಧ್ಯತೆ ಬಹಳ ಹೆಚ್ಚು.

ವಿರೋಧ ಪಕ್ಷದವರನ್ನು ಆರಿಸಿಕೊಳ್ಳುವುದರ ಲಾಭ ಇದು: ಮಂತ್ರಿಯನ್ನು ಬಹಿರಂಗವಾಗಿ ಮುಜುಗರಕ್ಕೆ ಈಡುಮಾಡಲು ಅವರಿಗೆ ಹಿಂಜರಿಕೆಯಿಲ್ಲ, ಬುಧವಾರಗಳಲ್ಲಿ ಅವರ ಪಕ್ಷಕ್ಕೆ ಸ್ವಂತ ಚರ್ಚೆಯ ಸಮಯವೂ ಸಿಗುತ್ತದೆ. ನಷ್ಟವೂ ಇದೆ. ಮಂತ್ರಿಯ ಕಚೇರಿಗೆ ಸದ್ದಿಲ್ಲದೆ ಹೋಗಿ ಕೆಲಸ ಮಾಡಿಸಿಕೊಂಡು ಬರುವ ಸಲುಗೆ ಆಡಳಿತ ಪಕ್ಷದವರಿಗೇ ಹೆಚ್ಚು. ಒಂದು ಕುಟುಂಬದ ಗೋಳಾದರೆ ಆಡಳಿತ ಪಕ್ಷದ ಸದಸ್ಯರೂ ಸರಿಯೇ; ಇಡೀ ಊರಿನ ವಿಷಯವಾಗಿ, ನೀತಿಯೇ ಬದಲಾಗಬೇಕಾದರೆ ವಿರೋಧ ಪಕ್ಷದವರು ಮೇಲು. ಒಂದೇ ದೂರನ್ನು ಆರೂ ಜನರಿಗೆ ಗುಟ್ಟಾಗಿ ಕಳಿಸಬೇಡಿ. ಆರು ಕಚೇರಿಗಳು ಅದೇ ಪತ್ರ ಬರೆದು, ಒಂದೇ ಉತ್ತರದ ಆರು ಪ್ರತಿ ಪಡೆಯುತ್ತವೆ. ಒಬ್ಬರಿಗೆ ಮುಖ್ಯ ಹೊಣೆ ಕೊಟ್ಟು, ಉಳಿದವರಿಗೆ ಪ್ರತಿ ಕಳಿಸಿ, ಹಾಗೆಂದು ಪತ್ರದಲ್ಲೇ ಹೇಳಿ.

ಸಹಾಯ ಕೇಳಲು ಪೌರತ್ವ ಬೇಕಿಲ್ಲ, ಆ ಕ್ಷೇತ್ರದಲ್ಲಿ ವಾಸವಿದ್ದರೆ ಸಾಕು. ಅಂದ ಹಾಗೆ, ವೇಲ್ಸ್‌ನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯ ಪಾಸ್‌ಪೋರ್ಟಿನವರು ಸೆನೆದ್ ಚುನಾವಣೆಯಲ್ಲಿ ಮತ ಹಾಕಬಹುದು, ವಯಸ್ಸು 16 ಆಗಿದ್ದರೆ ಆಯಿತು. ಹೆಸರು ನೋಂದಾಯಿಸದೆ ಬಿಟ್ಟವರು ಈಗಲೇ ನೋಂದಾಯಿಸಿ.

ಕಡತ

ಸದಸ್ಯರ ಕಚೇರಿಯಲ್ಲಿ ನಿಮ್ಮ ಇಮೇಲ್ ಓದುವುದು ಹೆಚ್ಚಾಗಿ ಸಿಬ್ಬಂದಿ. ಅವರಿಗೆ ಒಂದು ಪುಟ ಕೊಡಿ. ಮೇಲೆ ನಿಮ್ಮ ಪೂರ್ತಿ ಹೆಸರು, ವಿಳಾಸ, ಪೋಸ್ಟ್‌ಕೋಡ್. ಪೋಸ್ಟ್‌ಕೋಡ್ ಇಲ್ಲದಿದ್ದರೆ ನೀವು ಆ ಕ್ಷೇತ್ರದವರೇ ಎಂದು ಕೇಳಿ ಅವರು ವಾಪಸ್ ಬರೆಯುತ್ತಾರೆ, ದಿನಗಳು ಹೋಗುತ್ತವೆ. ಆಮೇಲೆ ಏನಾಯಿತು ಎಂಬುದು ಐದಾರು ಸಾಲಲ್ಲಿ, ತಾರೀಖು ಸಮೇತ. ಕೌನ್ಸಿಲ್‌ಗೋ ಮಂಡಳಿಗೋ ನೀವು ಆಗಲೇ ಬರೆದ ದೂರಿನ ಸಂಖ್ಯೆ. ಕೊನೆಗೆ ಒಂದೇ ಒಂದು ಬೇಡಿಕೆ. ಬೇಡಿಕೆ ಮೂರಾದರೆ ಮಂತ್ರಿ ಅತಿ ಸುಲಭವಾದದ್ದಕ್ಕೆ ಉತ್ತರಿಸಿ ಉಳಿದೆರಡನ್ನು ಬಿಡುತ್ತಾರೆ.

ಬೇರೆಯವರ ಕಾಯಿಲೆ, ಬಾಡಿಗೆ, ಮಕ್ಕಳ ವಿವರ ಇದ್ದರೆ ಅವರ ಲಿಖಿತ ಒಪ್ಪಿಗೆ ಬೇಕು. ಅದಿಲ್ಲದೆ ಆಸ್ಪತ್ರೆಯವರು ಸದಸ್ಯರಿಗೂ ಏನನ್ನೂ ಹೇಳುವುದಿಲ್ಲ. ಎನ್‌ಎಚ್‌ಎಸ್‌ನಲ್ಲಿ ಕೆಲಸ ಮಾಡುವ ಡಾಕ್ಟರ್, ನರ್ಸ್‌ಗಳು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು: ಊರಿನ ನಿವಾಸಿಯಾಗಿ ಬರೆಯುವಾಗ ವಾರ್ಡಿನಲ್ಲಿ ಕಂಡ ರೋಗಿಯ ಮಾಹಿತಿ ನುಸುಳಬಾರದು.

ಅಂಕಿಅಂಶ ನಿಮ್ಮಲ್ಲಿ ಇಲ್ಲದಿದ್ದರೆ ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಬ್ರಿಟನ್ನಿನ 2000ದ ಮಾಹಿತಿ ಹಕ್ಕು ಕಾಯ್ದೆಯಡಿ 20 ಕೆಲಸದ ದಿನಗಳೊಳಗೆ ಉತ್ತರ ಕೊಡಬೇಕು. ಮಾಹಿತಿ ಇರುವ ಸಂಸ್ಥೆಗೇ ನೇರವಾಗಿ ಅರ್ಜಿ ಹೋಗಲಿ. ಮಂಡಳಿಯ ಬಳಿ ಇರುವುದನ್ನು ಮಂತ್ರಿಯ ಬಳಿ ಕೇಳಿದರೆ, ಇದು ನಮ್ಮಲ್ಲಿ ಒಟ್ಟಾಗಿ ಲಭ್ಯವಿಲ್ಲ ಎಂಬ ಒಂದು ಸಾಲಿನ ಉತ್ತರಕ್ಕೆ ವಾರಗಳನ್ನು ಕಳೆದುಕೊಳ್ಳುತ್ತೀರಿ.

ಪ್ರಶ್ನೆಯ ರೂಪ

ಸಾಮಾನ್ಯವಾಗಿ ಪತ್ರದಿಂದ ಶುರುಮಾಡಬೇಕು. ಜನಸಾಮಾನ್ಯರು ಮಂತ್ರಿಗೆ ಬರೆದರೆ ಹೆಚ್ಚಾಗಿ ಅಧಿಕಾರಿಗಳು ಉತ್ತರಿಸುತ್ತಾರೆ. ಸೆನೆದ್ ಸದಸ್ಯರು ಬರೆದರೆ ಮಂತ್ರಿಯ ಸಹಿಯ ಉತ್ತರ ಬರುವುದು ರೂಢಿ. ಪತ್ರದಿಂದ ಕೆಲಸ ಆಗದಿದ್ದರೆ ಸದನ.

ವಿಧಾನಸಭೆಯ ಚುಕ್ಕೆ ಗುರುತಿನ, ಚುಕ್ಕೆ ಗುರುತಿಲ್ಲದ ಪ್ರಶ್ನೆಗಳನ್ನು ಬಲ್ಲವರಿಗೆ ಇಲ್ಲಿನ ವ್ಯವಸ್ಥೆ ಬೇಗ ಅರ್ಥವಾಗುತ್ತದೆ. ಲಿಖಿತ ಪ್ರಶ್ನೆಗೆ ಲಿಖಿತ ಉತ್ತರ ಸಿಗುತ್ತದೆ, ಅದು ದಾಖಲೆಯಾಗಿ ಉಳಿಯುತ್ತದೆ. ಮೌಖಿಕ ಪ್ರಶ್ನೆಗೆ ಸದನದಲ್ಲಿ ಎದ್ದುನಿಂತು ಉತ್ತರಿಸಬೇಕು, ಉಪಪ್ರಶ್ನೆಯನ್ನೂ ಎದುರಿಸಬೇಕು. ಎರಡನ್ನೂ ಬರೆಯುವ ರೀತಿ ತದ್ವಿರುದ್ಧ. ಎಷ್ಟೋ ಸಂಘಟನೆಗಳು ಎಡವುವುದು ಇಲ್ಲೇ.

ಲಿಖಿತ ಪ್ರಶ್ನೆ ಸೂಜಿಯಷ್ಟು ಮೊನಚಾಗಿರಬೇಕು. 'ನಮ್ಮ ಕಣಿವೆಯ ಕ್ಲಿನಿಕ್ ಬಗ್ಗೆ ಮಂಡಳಿಯೊಂದಿಗೆ ಏನು ಚರ್ಚಿಸಿದ್ದೀರಿ?' ಎಂದು ಕೇಳಿದರೆ, ನಿಯಮಿತವಾಗಿ ಚರ್ಚಿಸುತ್ತಲೇ ಇದ್ದೇವೆ ಎಂದು ಬರುತ್ತದೆ. ಬದಲಿಗೆ ಹೀಗೆ: 'ಶಾಖಾ ಕ್ಲಿನಿಕ್ ಮುಚ್ಚುವ ಮುನ್ನ ರೋಗಿಗಳ ಬಸ್ ಪ್ರಯಾಣದ ಸಮಯವನ್ನು ಅಳೆಯಬೇಕು ಎಂದು ಆರೋಗ್ಯ ಮಂಡಳಿಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಇದೆಯೇ? ಇಲ್ಲವಾದರೆ ಯಾವ ತಾರೀಖಿನೊಳಗೆ ಸೇರಿಸುತ್ತೀರಿ?' ಇದಕ್ಕೆ ಇದೆ, ಇಲ್ಲ, ಸೇರಿಸುವುದಿಲ್ಲ ಎಂಬ ಮೂರೇ ಉತ್ತರ. ಮೂರರಲ್ಲಿ ಯಾವುದು ಬಂದರೂ ನಿಮ್ಮ ಮುಂದಿನ ಹೆಜ್ಜೆಗೆ ಆಧಾರ.

ಮೌಖಿಕ ಪ್ರಶ್ನೆಯನ್ನು ಮೊದಲೇ ಸಲ್ಲಿಸಬೇಕು, ಅದು ಮಂತ್ರಿಗೂ ಗೊತ್ತಿರುತ್ತದೆ. ಆದ್ದರಿಂದ ಕಾಗದದ ಮೇಲೆ ಅದು ಅಗಲವಾಗಿರಲಿ: 'ಈ ಪ್ರದೇಶದ ಪ್ರಾಥಮಿಕ ಆರೋಗ್ಯ ಸೇವೆಗಳ ಕುರಿತು ಮಂತ್ರಿ ಹೇಳಿಕೆ ನೀಡುವರೇ?' ನಿಜವಾದ ಪ್ರಶ್ನೆ ಉಪಪ್ರಶ್ನೆಯಲ್ಲಿ ಬರುತ್ತದೆ, ಅದು ಮಂತ್ರಿಗೆ ಮೊದಲೇ ತಿಳಿದಿರುವುದಿಲ್ಲ. ನೀವು ಸಿದ್ಧಪಡಿಸಿ ಕೊಡಬೇಕಾದ್ದು ಆ ಉಪಪ್ರಶ್ನೆಯನ್ನು. ಗಟ್ಟಿಯಾಗಿ ಓದಿದರೆ ಒಂದು ನಿಮಿಷ ಮೀರದಂತೆ ಒಂದು ಊರಿನ ಹೆಸರು, ಒಂದು ಅಂಕಿ, ಒಂದು ಬೇಡಿಕೆ ಸಾಕು. ಅಂಕಿ ತಪ್ಪಾಗಿದ್ದರೆ ಮಂತ್ರಿ ಅದನ್ನೇ ತಿದ್ದಿ ಕೂರುತ್ತಾರೆ, ಬೇಡಿಕೆ ಕಳೆದುಹೋಗುತ್ತದೆ.

ಮುಖ್ಯಮಂತ್ರಿಗೆ ಪ್ರಶ್ನೆ ಮಂಗಳವಾರ, ಬೇರೆ ಮಂತ್ರಿಗಳಿಗೆ ಸರದಿಯಂತೆ ಬುಧವಾರ. ಯಾರ ಪ್ರಶ್ನೆ ಮೇಲೆ ಬರಬೇಕು ಎಂಬುದು ಚೀಟಿ ಎತ್ತಿದಂತೆ. ನಿಮ್ಮ ಸದಸ್ಯರಿಗೆ ಸರದಿ ಸಿಗದೇ ಹೋಗಬಹುದು. ಆಗ ಎರಡು ದಾರಿಗಳಿವೆ. ಮಂಗಳವಾರದ ಕಲಾಪ ಪಟ್ಟಿ ಮಂಡಿಸುವಾಗ ಸರ್ಕಾರದಿಂದ ಹೇಳಿಕೆ ಬೇಕೆಂದು ಯಾವ ಸದಸ್ಯರಾದರೂ ಕೇಳಬಹುದು. ಜೊತೆಗೆ, ವಿರೋಧ ಪಕ್ಷಗಳ ವಕ್ತಾರರಿಗೆ ಮುನ್ಸೂಚನೆ ಕೊಡದೆ ಪ್ರಶ್ನಿಸುವ ಅವಕಾಶವಿದೆ, ನಿಮ್ಮ ಸದಸ್ಯರು ಕಡತವನ್ನು ತಮ್ಮ ಪಕ್ಷದ ಆರೋಗ್ಯ ವಕ್ತಾರರಿಗೆ ದಾಟಿಸಬಹುದು. ನಿನ್ನೆ ಮೊನ್ನೆ ನಡೆದ ತುರ್ತು ವಿಷಯವಾದರೆ ಬುಧವಾರದ ಸಾಮಯಿಕ ಪ್ರಶ್ನೆ. ಅದನ್ನು ಒಪ್ಪುವುದು ಬಿಡುವುದು ಸಭಾಧ್ಯಕ್ಷರಿಗೆ ಬಿಟ್ಟದ್ದು.

ನ್ಯಾಯಾಲಯದಲ್ಲಿ ನಡೆಯುತ್ತಿರುವ ಪ್ರಕರಣವನ್ನು ಸದನದಲ್ಲಿ ಎತ್ತಲು ನಿಯಮ ಅಡ್ಡ ಬರುತ್ತದೆ. ಕೋರ್ಟಿಗೆ ಹೋಗುವ ಆಲೋಚನೆಯಿದ್ದರೆ ಮೊದಲೇ ತಿಳಿಸಿ. ಜುಲೈ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಸದನ ಸೇರುವುದಿಲ್ಲ. ಆಗಸ್ಟಿನಲ್ಲಿ ಮುಚ್ಚುವ ಕ್ಲಿನಿಕ್‌ಗೆ ಮೌಖಿಕ ಪ್ರಶ್ನೆ ಜೂನ್‌ನಲ್ಲೇ ಆಗಬೇಕು.

ಸಹಿ ಸಂಗ್ರಹ ಜೊತೆಗಿರಲಿ, ಬದಲಿಯಾಗಿ ಬೇಡ

ಸೆನೆದ್‌ನ ಅರ್ಜಿ ವ್ಯವಸ್ಥೆಯಲ್ಲಿ 250 ಸಹಿ ಆದರೆ ಅರ್ಜಿ ಸಮಿತಿ ಚರ್ಚಿಸುತ್ತದೆ, 10,000 ಆದರೆ ಸದನದ ಚರ್ಚೆಗೆ ಪರಿಗಣಿಸುತ್ತದೆ. ಸಹಿಯ ಸಂಖ್ಯೆಯೇ ಗೆಲುವು ತರುತ್ತದೆ ಎಂದುಕೊಂಡವರು 20 ಮೈಲಿ ವೇಗಮಿತಿಯ ಕಥೆ ನೋಡಬೇಕು. ಜನವಸತಿ ರಸ್ತೆಗಳಲ್ಲಿ 30 ಮೈಲಿ ಇದ್ದ ಮಿತಿ 2023ರ ಸೆಪ್ಟೆಂಬರ್ 17ರಂದು 20ಕ್ಕೆ ಇಳಿಯಿತು. ಅದರ ವಿರುದ್ಧದ ಅರ್ಜಿಗೆ 4.6 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು, ಸೆನೆದ್ ಕಂಡ ಅತಿ ದೊಡ್ಡ ಅರ್ಜಿ ಅದು. ವಿರೋಧ ಪಕ್ಷದ ಕನ್ಸರ್ವೇಟಿವ್ ಸದಸ್ಯರು ರದ್ದತಿಗೆ ಪಟ್ಟು ಹಿಡಿದರು. ಕಾನೂನು ರದ್ದಾಗಲಿಲ್ಲ. ಬದಲಾದದ್ದು ಮಾರ್ಗಸೂಚಿ: ಯಾವ ರಸ್ತೆಗಳನ್ನು 30ಕ್ಕೆ ಮರಳಿಸಬಹುದು ಎಂದು ಕೌನ್ಸಿಲ್‌ಗಳಿಗೆ 2024ರಲ್ಲಿ ಹೊಸದಾಗಿ ತಿಳಿಸಲಾಯಿತು. ಆಮೇಲೆ ತಮ್ಮ ರಸ್ತೆಯ ಹೆಸರು ಹಿಡಿದು ಕೌನ್ಸಿಲ್‌ಗೆ ಬರೆಯಲು ಜನರಿಗೆ ಅವಕಾಶ ಸಿಕ್ಕಿತು.

ಉತ್ತರ ಬಂದ ಮೇಲೆ

ಮಂತ್ರಿಯ ಉತ್ತರವನ್ನು ಪೆನ್ಸಿಲ್ ಹಿಡಿದು ಓದಿ. 'ಪರಿಶೀಲಿಸುತ್ತೇವೆ' ಎಂದಿದ್ದರೆ ಯಾರು, ಯಾವಾಗಿನೊಳಗೆ ಎಂದು ಅಂಚಿನಲ್ಲಿ ಬರೆಯಿರಿ. ಅದೇ ಎರಡನೇ ಲಿಖಿತ ಪ್ರಶ್ನೆ. 'ಮಂಡಳಿಯನ್ನು ಕೇಳಿ' ಎಂದಿದ್ದರೆ ಆ ಉತ್ತರವನ್ನೇ ಲಗತ್ತಿಸಿ ಮಂಡಳಿಯ ಮುಖ್ಯ ಕಾರ್ಯನಿರ್ವಾಹಕರಿಗೆ ಬರೆಯಿರಿ. ಆರೋಗ್ಯದ ವಿಷಯವಾದರೆ ಲೈಸ್ ಎಂಬ ಸಂಸ್ಥೆಗೂ ಪ್ರತಿ ಹೋಗಲಿ. 2023ರ ಏಪ್ರಿಲ್‌ನಿಂದ ರೋಗಿಗಳ ದನಿಯಾಗಿ ಕೆಲಸ ಮಾಡುವ ಸಂಸ್ಥೆ ಅದು, ದೂರು ಬರೆಯಲು ಉಚಿತ ನೆರವನ್ನೂ ಕೊಡುತ್ತದೆ. ಸದನದಲ್ಲಿ ಮಂತ್ರಿ ಕೊಟ್ಟ ಮಾತು ಕಲಾಪದ ದಾಖಲೆಯಲ್ಲೂ ಸೆನೆದ್ ಟಿವಿಯ ವಿಡಿಯೊದಲ್ಲೂ ಉಳಿದಿರುತ್ತದೆ. ತಾರೀಖು ಮತ್ತು ಆ ಭಾಗದ ಕೊಂಡಿ ತೆಗೆದಿಟ್ಟುಕೊಳ್ಳಿ, ಮಂತ್ರಿ ಬದಲಾದಾಗ ಬೇಕಾಗುತ್ತದೆ.

ಈ ಓಡಾಟದ ನಡುವೆ ಜನ ಮರೆಯುವ ವಿಷಯ ಗಡುವು. ಸದಸ್ಯರು ಮಂತ್ರಿಯ ಜೊತೆ ಪತ್ರ ವ್ಯವಹಾರ ನಡೆಸಿದ್ದಾರೆ ಎಂದು ನಿಮ್ಮ ಅಧಿಕೃತ ದೂರಿನ ಗಡಿಯಾರ ನಿಲ್ಲುವುದಿಲ್ಲ. ವೇಲ್ಸ್‌ನ ಸಾರ್ವಜನಿಕ ಸೇವೆಗಳ ಒಂಬುಡ್ಸ್‌ಮನ್ (ದೂರುಗಳನ್ನು ತನಿಖೆ ಮಾಡುವ ಸ್ವತಂತ್ರ ಅಧಿಕಾರಿ) ಸಾಮಾನ್ಯವಾಗಿ ಒಂದು ವರ್ಷದೊಳಗಿನ ದೂರುಗಳನ್ನಷ್ಟೇ ತೆಗೆದುಕೊಳ್ಳುತ್ತಾರೆ, ಅದೂ ಕೌನ್ಸಿಲ್‌ನ ಅಥವಾ ಮಂಡಳಿಯ ದೂರು ಪ್ರಕ್ರಿಯೆ ಮುಗಿದ ಮೇಲೆ. ಆದ್ದರಿಂದ ಸದಸ್ಯರಿಗೆ ಮೊದಲ ಇಮೇಲ್ ಕಳಿಸಿದ ದಿನವೇ ಸಂಸ್ಥೆಗೂ ಅಧಿಕೃತ ದೂರು ದಾಖಲಿಸಿ, ಅದರ ಸಂಖ್ಯೆಯನ್ನು ಸದಸ್ಯರ ಕಚೇರಿಗೆ ತಿಳಿಸಿ.