ಸೆಕ್ಯುರಿಟಿ ಗ್ರೂಪ್ ಡಿಲೀಟ್ ಆಗ್ಲಾರ್ದ ಟೆರಾಫಾರ್ಮ್ ಸಿಕ್ಕೊಂಡ್ರ ಹಿಂಗ ಮಾಡ್ರಿ

ಕಲಬುರಗಿಯಾಗ ಕೂತು ಮುಂಬೈ ರೀಜನ್‌ನಾಗಿನ ಎಡಬ್ಲ್ಯುಎಸ್ (ಅಮೆಜಾನ್ ಕ್ಲೌಡ್) ಸರ್ವರ್ ಟೆರಾಫಾರ್ಮ್‌ಲೆ (ಕೋಡ್ ಬರದು ಸರ್ವರ್ ಕಟ್ಟೋ, ಅಳಿಸೋ ಸಾಧನ) ನೋಡ್ಕೋತೀನಿ. ಸೆಕ್ಯುರಿಟಿ ಗ್ರೂಪಿನ (ಸರ್ವರಿಗೆ ಯಾವ ಟ್ರಾಫಿಕ್ ಬಿಡಬೇಕು ಅನ್ನೋ ನಿಯಮಗಳ ಗುಂಪು) ಡಿಸ್ಕ್ರಿಪ್ಷನ್‌ದಾಗ ಒಂದು ಸ್ಪೆಲಿಂಗ್ ತಿದ್ದಿ ಅಪ್ಲೈ (ಬದಲಾವಣೆ ಜಾರಿ ಮಾಡೋ ಕಮಾಂಡ್) ಕೊಟ್ಟೆ, "ಸ್ಟಿಲ್ ಡಿಸ್ಟ್ರಾಯಿಂಗ್" ಅಂತ 15 ನಿಮಿಷ ನಿಂತು ಆಮ್ಯಾಲ ಡಿಪೆಂಡೆನ್ಸಿ ವಯಲೇಷನ್ ಎರರ್. ಡಿಸ್ಕ್ರಿಪ್ಷನ್ ಬದಲಾದ್ರ ಗ್ರೂಪೇ ಹೊಸದಾಗಬೇಕು, ಟೆರಾಫಾರ್ಮ್ ಮೊದಲು ಹಳೇದು ಅಳಸಾಕ ಹೋಗ್ತದ, ಆದ್ರ ಅದು ಇನ್ನೂ ಸರ್ವರಿಗೆ ಹತ್ಕೊಂಡೇ ಇರ್ತದ.

ಡಿಪೆಂಡ್ಸ್_ಆನ್ (ಯಾವುದು ಯಾವುದರ ಮ್ಯಾಲ ನಿಂತದ ಅಂತ ಹೇಳೋ ಸಾಲು) ಹಾಕಿದೆ, ಆಗಲಿಲ್ಲ, ಸರ್ವರ್ ಆ ಗ್ರೂಪಿನ ಐಡಿ ಬಳಸಿದಾಗೇ ಸಂಬಂಧ ಟೆರಾಫಾರ್ಮ್‌ಗೆ ಗೊತ್ತಿರ್ತದ. ಪ್ಯಾರಲಲಿಸಂ (ಒಮ್ಮೆಗೇ ಎಷ್ಟು ಕೆಲಸ ಮಾಡಬೇಕು ಅನ್ನೋದು) 1 ಮಾಡಿದ್ರೂ ಅಳಿಸೋದು ಮೊದಲೇ.

ಕಡೀಗಿ ಕೋಡ್‌ನಾಗಿನ ಗ್ರೂಪಿನ ರಿಸೋರ್ಸ್ ಒಳಗ ಲೈಫ್‌ಸೈಕಲ್ ಬ್ಲಾಕ್ ಬರದು ಕ್ರಿಯೇಟ್_ಬಿಫೋರ್_ಡಿಸ್ಟ್ರಾಯ್ = ಟ್ರೂ ಕೊಟ್ಟೆ, ಅಂದ್ರ ಮೊದಲು ಹೊಸದು ಕಟ್ಟು, ಆಮ್ಯಾಲ ಹಳೇದು ಅಳಸು ಅಂತ. ಇದೊಂದೇ ಸಾಲಂಗಿಲ್ಲ, ಡುಪ್ಲಿಕೇಟ್ ಅಂತ ಎರರ್ ಬರ್ತದ, ಒಂದು ವಿಪಿಸಿಯಾಗ (ಎಡಬ್ಲ್ಯುಎಸ್ ಒಳಗಿನ ನಿಮ್ಮ ಖಾಸಗಿ ನೆಟ್‌ವರ್ಕ್) ಒಂದೇ ಹೆಸರಿನ ಎರಡು ಗ್ರೂಪ್ ಇರಂಗಿಲ್ಲ ನೋಡ್ರಿ, ಅದಕ್ಕ ನೇಮ್ ತೆಗದು ನೇಮ್_ಪ್ರಿಫಿಕ್ಸ್ = "ವೆಬ್-" ಹಾಕ್ರಿ (ಹೆಸರಿನ ಶುರುವಿನ ಭಾಗ ಅಷ್ಟ, ಉಳಿದದ್ದು ಟೆರಾಫಾರ್ಮ್ ತಾನೇ ಸೇರಸ್ತದ), ಎರಡೂ ಒಂದೇ ಅಪ್ಲೈದಾಗ. ಮೊದಲು ಪ್ಲಾನ್ (ಏನೇನು ಬದಲಾಗ್ತದ ಅಂತ ಮುಂಚೇನೇ ತೋರಿಸೋ ಕಮಾಂಡ್) ಓಡಿಸಿ ಗ್ರೂಪಿನ ಸಾಲು ನೋಡ್ರಿ, -/+ (ಅಳಿಸಿ ಕಟ್ಟೋದು) ಇದ್ದದ್ದು +/- (ಕಟ್ಟಿ ಅಳಿಸೋದು) ಆಗಿರಬೇಕು, ಆಗಿಲ್ಲಂದ್ರ ಅಪ್ಲೈ ಕೊಡಬ್ಯಾಡ್ರಿ. ಆಮ್ಯಾಲ ಹೊಸ ಗ್ರೂಪ್ ಹುಟ್ತದ, ಸರ್ವರ್ ಅದಕ್ಕ ಹೋಗ್ತದ, ಹಳೇದು ಕಡೀಗಿ ಅಳೀತದ. ಹಳೇ ಗ್ರೂಪನ್ನ ಯಾರರ ಕನ್ಸೋಲ್‌ನಾಗ ಕೈಯಿಂದ ಬ್ಯಾರೆ ಕಡೆ ಹಚ್ಚಿದ್ರ ಮಾತ್ರ ಮತ್ತ ನಿಲ್ತದ, ಅದನ್ನ ಮೊದಲು ಬಿಚ್ಚಬೇಕು.